ಚರ್ಚಿನ ಮಟ್ಟಿಗೆ ಪ್ರೇಮದ ಮಾತು: ರೇ ಚಾರ್ಲ್ಸ್ ಸೋಲ್ ಸಂಗೀತವನ್ನು ಕಟ್ಟಿದ ಬಗೆ

ಕಣ್ಣು ಕಾಣುವ ವಿದ್ಯಾರ್ಥಿ ಪಿಯಾನೋ ಅಭ್ಯಾಸ ಮಾಡುವಾಗ ಎದುರಿಗಿಟ್ಟ ಹಾಳೆಯ ಮೇಲೆ ನೋಟ ನೆಟ್ಟು, ಎರಡೂ ಕೈಗಳನ್ನು ವಾದ್ಯದ ಮನೆಗಳ ಮೇಲೆ ಓಡಿಸಬಹುದು. ಬ್ರೈಲ್ ಲಿಪಿಯಲ್ಲಿ ಅಚ್ಚಾದ ಪಾಠಕ್ಕೆ ಆ ಸೌಕರ್ಯವಿಲ್ಲ; ಅಲ್ಲಿ ಓದುವುದೂ ಬೆರಳಿನಿಂದಲೇ, ನುಡಿಸುವುದೂ ಬೆರಳಿನಿಂದಲೇ. ಹಾಗಾಗಿ ಎಡಗೈಯಿಂದ ಕಾಗದದ ಉಬ್ಬುಚುಕ್ಕೆಗಳನ್ನು ತಡವುತ್ತ, ಬಲಗೈ ನುಡಿಸಬೇಕಾದ ಪಾಲನ್ನು ನಾಲ್ಕಾರು ಆವರ್ತಗಳಂತೆ ಬಾಯಿಪಾಠ ಮಾಡಬೇಕು. ಆಮೇಲೆ ಕೈ ಬದಲಿಸಿ ಎಡಗೈಯ ಪಾಲನ್ನು ಕಲಿಯಬೇಕು. ಎರಡೂ ತಲೆಯಲ್ಲಿ ಕೂತ ಮೇಲೆ ಕಾಗದವನ್ನು ಬದಿಗಿಟ್ಟು ಕೂಡಿಸಿ ನುಡಿಸಬೇಕು. ನೆನಪಿನ ನೆರವಿಲ್ಲದೆ ಈ ವಿದ್ಯಾರ್ಥಿ ಅರ್ಧ ಪುಟವನ್ನೂ ದಾಟಲಾರ. 1937ರಲ್ಲಿ ಅಮೆರಿಕದ ಫ್ಲಾರಿಡಾ ರಾಜ್ಯದ ಸೇಂಟ್ ಆಗಸ್ಟೀನ್ ಎಂಬ ಊರಿನಲ್ಲಿದ್ದ, ಕಿವುಡ ಮತ್ತು ಅಂಧ ಮಕ್ಕಳ ಸರ್ಕಾರಿ ವಸತಿಶಾಲೆಗೆ ಬಂದು ಸೇರಿದ ಏಳು ವರ್ಷದ ಕಪ್ಪು ಹುಡುಗನೊಬ್ಬ ಪಿಯಾನೋ ಶಾಸ್ತ್ರವನ್ನು ಕಲಿತದ್ದು ಹೀಗೆ. ರೇ ಚಾರ್ಲ್ಸ್ ರಾಬಿನ್‌ಸನ್ ಎಂದು ಅವನ ಹೆಸರು. ಮುಂದೆ ಕೊನೆಯ ಪದವನ್ನು ಕೈಬಿಟ್ಟು ರೇ ಚಾರ್ಲ್ಸ್ ಎಂದಷ್ಟೇ ಹೆಸರಾದವರು ಇವರೇ.

ಅವರ ಹೆಸರು ಬಂದಾಗಲೆಲ್ಲ, ದೇವರು ಕಣ್ಣು ಕಿತ್ತುಕೊಂಡು ಕಿವಿ ಕೊಟ್ಟ ಎಂಬ ಧಾಟಿಯ ಮಾತೂ ಹಿಂದೆಯೇ ಬರುತ್ತದೆ. ಕೇಳಲು ಹಿತವಾದ ಮಾತು, ಆದರೆ ಅದರಿಂದ ಏನೂ ತಿಳಿಯುವುದಿಲ್ಲ. ದೃಷ್ಟಿ ಕಳೆದುಕೊಂಡವರೆಲ್ಲ ಸಂಗೀತಗಾರರಾಗುವುದಿಲ್ಲ, ಆದವರೆಲ್ಲ ಒಂದು ಹೊಸ ಪ್ರಕಾರವನ್ನು ಹುಟ್ಟಿಸುವುದೂ ಇಲ್ಲ. ರೇ ಚಾರ್ಲ್ಸ್‌ಗೆ ದಕ್ಕಿದ್ದನ್ನು ವರವೆನ್ನುವುದಕ್ಕಿಂತ ತರಬೇತಿ ಎನ್ನುವುದು ಸರಿ. ಹಾಡನ್ನು ತುಂಡುತುಂಡಾಗಿ ಕಲಿತು, ತುಂಡುಗಳನ್ನೆಲ್ಲ ತಲೆಯಲ್ಲಿಟ್ಟುಕೊಂಡು ಮತ್ತೆ ಜೋಡಿಸುವುದು ಬಾಲ್ಯದಲ್ಲೇ ರೂಢಿಯಾದವನಿಗೆ, ಒಂದು ಕಡೆಯ ತುಂಡನ್ನು ತಂದು ಇನ್ನೊಂದು ಕಡೆ ಕೂಡಿಸಿ ನೋಡುವ ಚಪಲ ಹುಟ್ಟಿದರೆ ಆಶ್ಚರ್ಯವಿಲ್ಲ. ಸೋಲ್ ಸಂಗೀತ ಹುಟ್ಟಿದ್ದು ಅಂಥದೊಂದು ಜೋಡಣೆಯಿಂದ.

ಕನ್ನಡ ಲಿಪಿಯಲ್ಲಿ ಬರೆದಾಗ ಸೋಲ್ ಎಂಬ ಪದ ಸೋಲನ್ನೇ ನೆನಪಿಸುವುದು ಒಂದು ತೊಡಕು. ಇಂಗ್ಲಿಷಿನಲ್ಲಿ ಅದರ ಅರ್ಥ ಆತ್ಮ. ಹೆಸರು ಆತ್ಮದ್ದಾದರೂ ಅದರ ಹಾಡುಗಳ ವಸ್ತು ಬಹುಮಟ್ಟಿಗೆ ಪ್ರೇಮ, ವಿರಹ, ಬರಿಗೈಯ ಪಾಡು, ದೇಹದ ಹಂಬಲ. ಈ ವಿರೋಧ ಹೇಗೆ ಬಂತೆಂದು ತಿಳಿಯಲು ಅದಕ್ಕಿಂತ ಹಳೆಯ ಎರಡು ಧಾರೆಗಳನ್ನು ನೋಡಬೇಕು. ಮೊದಲನೆಯದು ಗಾಸ್ಪೆಲ್, ಅಂದರೆ ಅಮೆರಿಕದ ಕಪ್ಪು ಜನರ ಚರ್ಚುಗಳಲ್ಲಿ ಬೆಳೆದ ಭಕ್ತಿಗೀತೆ. ಅಲ್ಲಿ ಮುಂದಾಳು ಗಾಯಕ ಒಂದು ಸಾಲನ್ನು ಎಸೆಯುತ್ತಾನೆ, ಮೇಳವೂ ನೆರೆದವರೂ ಅದನ್ನು ಹಿಡಿದು ಉತ್ತರ ಕೊಡುತ್ತಾರೆ. ಚಪ್ಪಾಳೆ ಮತ್ತು ಖಂಜಿರದಂಥ ಟ್ಯಾಂಬೊರಿನ್ ಲಯ ಹಿಡಿಯುತ್ತವೆ. ಗಾಯಕನ ದನಿ ಬಿರಿಯುತ್ತದೆ, ನರಳುತ್ತದೆ, ಚೀತ್ಕಾರಕ್ಕೇರುತ್ತದೆ, ಕೇಳುವವರು ಮೈಮರೆಯುವವರೆಗೂ ಸಾಲು ಮರುಕಳಿಸುತ್ತದೆ. ಎರಡನೆಯದು ಬ್ಲೂಸ್. ಅದು ಹನ್ನೆರಡು ಆವರ್ತಗಳ ಚೌಕಟ್ಟಿನಲ್ಲಿ ಮೂರು ಸಾಲಿನ ಪದ್ಯ ಕಟ್ಟುವ ಲೌಕಿಕ ಹಾಡು. ಮೊದಲ ಸಾಲೇ ಎರಡನೆಯದಾಗಿ ಮರಳುತ್ತದೆ, ಮೂರನೆಯದು ಮಾತನ್ನು ಮುಗಿಸುತ್ತದೆ. ಹೆಂಡ, ಹೆಣ್ಣು, ಬಿಟ್ಟುಹೋದ ರೈಲು, ಸಾಲ ಅದರ ವಿಷಯಗಳು. ಇವೆರಡರ ಸ್ವರಗಳಲ್ಲಿ ಬಹಳ ಹೋಲಿಕೆಯಿದೆ, ದುಃಖವಂತೂ ಒಂದೇ. ನಡುವೆ ನಿಂತಿದ್ದ ಗೋಡೆ ಸಂಗೀತದ್ದಲ್ಲ, ಮಡಿಯದು. ಭಕ್ತರ ಮನೆಗಳಲ್ಲಿ ಬ್ಲೂಸ್ ಎಂದರೆ ಸೈತಾನನ ಸಂಗೀತ. ಭಾನುವಾರ ಚರ್ಚಿನಲ್ಲಿ ಹಾಡುವವರು ಶನಿವಾರದ ರಾತ್ರಿ ಹೆಂಡದಂಗಡಿಯಲ್ಲಿ ಹಾಡಬಾರದು.

ನಮ್ಮ ಕಂಪನಿ ನಾಟಕಗಳ ಪರಿಚಯವಿರುವವರಿಗೆ ಮಟ್ಟು ಎಂಬ ಮಾತು ಗೊತ್ತು. ಒಂದು ಹಾಡಿನ ಸಾಹಿತ್ಯವನ್ನು ತೆಗೆದು, ಅದರ ಧಾಟಿ, ನಡೆ, ಉಸಿರು ಇಷ್ಟನ್ನೇ ಉಳಿಸಿಕೊಂಡರೆ ದೊರೆಯುವುದು ಮಟ್ಟು. ಮರಾಠಿ ಮಟ್ಟಿಗೆ ಕನ್ನಡ ಮಾತು ಹೊಂದಿಸಿದ ರಂಗಗೀತೆಗಳಿಗೆ ಲೆಕ್ಕವಿಲ್ಲ. ರೇ ಚಾರ್ಲ್ಸ್ ಮಾಡಿದ್ದೂ ಸ್ಥೂಲವಾಗಿ ಅದೇ: ದೇವರನಾಮದ ಮಟ್ಟನ್ನು ತೆಗೆದುಕೊಂಡು ಅದಕ್ಕೆ ನಲ್ಲೆಯ ಮಾತು ಹಾಕಿದರು. ವ್ಯತ್ಯಾಸವೆಂದರೆ, ಅವರು ಮಟ್ಟಿನ ಜೊತೆಗೆ ಭಕ್ತನ ಮೈಮೇಲಿನ ಆವೇಶವನ್ನೂ ಎತ್ತಿಕೊಂಡು ಬಂದರು. ಜನರನ್ನು ಬೆಚ್ಚಿಬೀಳಿಸಿದ್ದು ಅದೇ.

ಅವರು ಹುಟ್ಟಿದ್ದು 1930ರ ಸೆಪ್ಟೆಂಬರ್ 23ರಂದು, ಜಾರ್ಜಿಯಾ ರಾಜ್ಯದ ಆಲ್ಬನಿಯಲ್ಲಿ. ಬೆಳೆದದ್ದು ಫ್ಲಾರಿಡಾದ ಗ್ರೀನ್‌ವಿಲ್ ಎಂಬ ಹಳ್ಳಿಯಲ್ಲಿ. ತಂದೆ ಮನೆಯಲ್ಲಿದ್ದದ್ದು ಇಲ್ಲವೆನ್ನುವಷ್ಟು ಕಡಿಮೆ. ತಾಯಿ ಅರೀತಾ ಊರವರ ಬಟ್ಟೆ ಒಗೆದು ಸಂಸಾರ ಸಾಗಿಸುತ್ತಿದ್ದರು. ಹುಡುಗನಿಗೆ ಸುಮಾರು ಐದು ವರ್ಷವಾಗಿದ್ದಾಗ, ಅವನ ಕಣ್ಣೆದುರಿಗೇ ತಮ್ಮ ಜಾರ್ಜ್ ಬಟ್ಟೆ ಒಗೆಯುವ ದೊಡ್ಡ ತೊಟ್ಟಿಯೊಳಗೆ ಮುಗ್ಗರಿಸಿ ಮುಳುಗಿದ. ನೀರು ಕುಡಿದು ಭಾರವಾದ ಅಂಗಿಯ ಸಮೇತ ಅವನನ್ನು ಮೇಲೆತ್ತಲು ಅಣ್ಣನಿಗೆ ಶಕ್ತಿ ಸಾಲಲಿಲ್ಲ. ಅದಾದ ಸ್ವಲ್ಪ ಕಾಲದಲ್ಲೇ ಅವನ ದೃಷ್ಟಿ ಮಸುಕಾಗತೊಡಗಿ, ಏಳನೆಯ ವರ್ಷಕ್ಕೆ ಪೂರ್ತಿ ನಂದಿತು. ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆ ಇದಕ್ಕೆ ಕಾರಣವಿರಬೇಕೆಂದು ಸಾಮಾನ್ಯವಾಗಿ ಹೇಳುತ್ತಾರೆ. ತಮ್ಮನ ಸಾವಿಗೂ ಕುರುಡಿಗೂ ಸಂಬಂಧ ಕಲ್ಪಿಸುವ ಕಥೆಗಳು ಸಿನಿಮಾಕ್ಕೆ ಚೆನ್ನ, ವೈದ್ಯಕೀಯಕ್ಕಲ್ಲ.

ತಾಯಿ ಮಾಡಿದ ದೊಡ್ಡ ಕೆಲಸವೆಂದರೆ ಮಗನಿಗೆ ಯಾವ ಕೆಲಸದಿಂದಲೂ ವಿನಾಯಿತಿ ಕೊಡದಿದ್ದದ್ದು. ಕಟ್ಟಿಗೆ ಒಡೆಯುವುದು, ನೆಲ ಉಜ್ಜುವುದು, ನೀರು ಹೊರುವುದು ಎಲ್ಲವನ್ನೂ ಆಕೆ ಅವನಿಂದ ಮಾಡಿಸಿದರು. ಕುರುಡು ಹುಡುಗನ ಕೈಗೆ ಕೊಡಲಿ ಕೊಡುವುದನ್ನು ಕಂಡು ನೆರೆಹೊರೆಯವರು ಆಡಿಕೊಂಡರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕಣ್ಣು ಹೋಗಿದೆಯೇ ಹೊರತು ಬುದ್ಧಿ ಹೋಗಿಲ್ಲ ಎಂಬುದು ಆಕೆಯ ವಾದವಾಗಿತ್ತೆಂದು ಮಗ ಮುಂದೆ ಮತ್ತೆಮತ್ತೆ ನೆನೆದರು. ಸಂಗೀತದ ಮೊದಲ ಗುರು ವೈಲಿ ಪಿಟ್‌ಮನ್. ಊರಿನ ರೆಡ್ ವಿಂಗ್ ಕೆಫೆಯ ಮಾಲೀಕರಾದ ಅವರು ಬೂಗಿ ವೂಗಿ ಶೈಲಿಯ ಪಿಯಾನೋ ವಾದಕರು. ಪಿಯಾನೋ ಸದ್ದು ಕೇಳಿದೊಡನೆ ಆಟ ಬಿಟ್ಟು ಓಡಿಬರುತ್ತಿದ್ದ ಮೂರು ವರ್ಷದ ಮಗುವನ್ನು ಗದರಿಸಿ ಅಟ್ಟದೆ, ಪಕ್ಕದಲ್ಲಿ ಕೂರಿಸಿಕೊಂಡು ಒಂದೇ ಬೆರಳಿನಿಂದ ಧಾಟಿ ಹಿಡಿಯುವುದನ್ನು ಕಲಿಸಿದರು. ಆ ಊರಿನಲ್ಲಿ ಹುಡುಗನ ಕಿವಿಗೆ ಬಿದ್ದದ್ದು ಮೂರು ಸಂಗೀತ: ಕೆಫೆಯ ಬ್ಲೂಸ್, ಭಾನುವಾರದ ಬ್ಯಾಪ್ಟಿಸ್ಟ್ ಚರ್ಚಿನ ಹಾಡು, ಶನಿವಾರ ರಾತ್ರಿ ನ್ಯಾಶ್‌ವಿಲ್‌ನಿಂದ ರೇಡಿಯೋದಲ್ಲಿ ಬರುತ್ತಿದ್ದ ಬಿಳಿಯರ ಕಂಟ್ರಿ ಸಂಗೀತ. ಮೂರನೆಯದನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು, ಅದರ ಪ್ರಸ್ತಾಪ ಮುಂದೆ ಬರುತ್ತದೆ.

ಸೇಂಟ್ ಆಗಸ್ಟೀನ್ ಶಾಲೆಯಲ್ಲಿ ಬಿಳಿ ಮಕ್ಕಳಿಗೆ ಒಂದು ಭಾಗ, ಕಪ್ಪು ಮಕ್ಕಳಿಗೆ ಬೇರೊಂದು ಭಾಗ. ಒಬ್ಬರ ಬಣ್ಣ ಇನ್ನೊಬ್ಬರಿಗೆ ಕಾಣದ ಮಕ್ಕಳನ್ನು ಬಣ್ಣದ ಲೆಕ್ಕದಲ್ಲಿ ಬೇರ್ಪಡಿಸುವುದಕ್ಕಿಂತ ದೊಡ್ಡ ಅಸಂಬದ್ಧ ಇರಲಾರದು; ರೇ ಚಾರ್ಲ್ಸ್ ಅದನ್ನು ಜೀವನಪೂರ್ತಿ ಮರೆಯಲಿಲ್ಲ. ನೋವು ಕೊಡುತ್ತಿದ್ದ ಬಲಗಣ್ಣನ್ನು ತೆಗೆಸಬೇಕಾಗಿ ಬಂದದ್ದೂ ಆ ಶಾಲೆಯ ದಿನಗಳಲ್ಲೇ. ಆದರೆ ಅಲ್ಲಿ ಅವರಿಗೆ ಶಾಪಿನ್, ಬೆಥೊವೆನ್ ಪಾಠವಾದರು, ಕ್ಲಾರಿನೆಟ್ ಮತ್ತು ಸ್ಯಾಕ್ಸೊಫೋನ್ ಕೈಗೆ ಬಂದವು. ಮುಖ್ಯವಾಗಿ, ಒಂದೊಂದು ವಾದ್ಯಕ್ಕೂ ಬೇರೆಬೇರೆ ಪಾಲನ್ನು ಮನಸ್ಸಿನಲ್ಲೇ ಹಂಚಿ, ವಾದ್ಯಮೇಳ ಇಲ್ಲದೆಯೂ ಅದನ್ನು ಕೇಳಿಸಿಕೊಳ್ಳುವ ವಿದ್ಯೆ ಸಿದ್ಧಿಸಿತು. ಮುಂದೆ ಅವರು ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಂಡು, ಇದು ಟ್ರಂಪೆಟ್‌ಗೆ, ಇದು ಸ್ಯಾಕ್ಸೊಫೋನಿಗೆ ಎಂದು ಇಡೀ ಸಂಯೋಜನೆಯನ್ನು ಸ್ವರಸ್ವರವಾಗಿ ಬಾಯಲ್ಲಿ ಹೇಳಿ ಬರೆಸುತ್ತಿದ್ದರು.

1945ರಲ್ಲಿ, ಅವರಿಗೆ 14 ವರ್ಷವಾಗಿದ್ದಾಗ, ತಾಯಿ ತೀರಿಕೊಂಡರು. ಶಾಲೆಯೂ ಅಲ್ಲಿಗೇ ಮುಗಿಯಿತು. ಜ್ಯಾಕ್ಸನ್‌ವಿಲ್, ಒರ್ಲ್ಯಾಂಡೊ, ಟ್ಯಾಂಪಾ ನಗರಗಳಲ್ಲಿ ಸಿಕ್ಕ ತಂಡದಲ್ಲಿ ಸಿಕ್ಕ ಕೂಲಿಗೆ ನುಡಿಸುತ್ತ, ಎಷ್ಟೋ ದಿನ ಹಸಿದುಕೊಂಡೇ ಎರಡೂವರೆ ವರ್ಷ ಕಳೆದರು. ಟ್ಯಾಂಪಾದಲ್ಲಿ ಅವರಿಗೆ ಕೆಲಸ ಕೊಟ್ಟ ತಂಡಗಳಲ್ಲಿ ಫ್ಲಾರಿಡಾ ಪ್ಲೇಬಾಯ್ಸ್ ಎಂಬ ಬಿಳಿಯರ ಕಂಟ್ರಿ ತಂಡವೂ ಒಂದು. ಅಲ್ಲಿಂದ ಮುಂದೆ ಎಲ್ಲಿಗೆ ಹೋಗಬೇಕೆಂಬ ಪ್ರಶ್ನೆ ಬಂದಾಗ, ನಕಾಶೆಯಲ್ಲಿ ಫ್ಲಾರಿಡಾದಿಂದ ಅತಿ ದೂರದ ದೊಡ್ಡ ಊರು ಯಾವುದೆಂದು ಗೆಳೆಯ ಗಾಸಿ ಮೆಕ್ಕೀಯನ್ನು ಕೇಳಿ, ದೇಶದ ಇನ್ನೊಂದು ತುದಿಯ ಸಿಯಾಟಲ್ ಆಯ್ದುಕೊಂಡರು. 1948ರಲ್ಲಿ 17 ವರ್ಷದ ಅಂಧ ಹುಡುಗನೊಬ್ಬ ಒಂಟಿಯಾಗಿ ಬಸ್ಸು ಹಿಡಿದು ಅಷ್ಟು ದೂರ ಹೋದದ್ದನ್ನು ಸಾಹಸವೆನ್ನಬೇಕೋ ಹತಾಶೆಯೆನ್ನಬೇಕೋ ತಿಳಿಯದು. ಅಲ್ಲಿ ಪರಿಚಯವಾದ ತನಗಿಂತ ಎರಡೂವರೆ ವರ್ಷ ಚಿಕ್ಕವನಾದ ಒಬ್ಬ ಟ್ರಂಪೆಟ್ ಹುಡುಗನಿಗೆ, ವಾದ್ಯಮೇಳಕ್ಕೆ ಸ್ವರ ಹಂಚುವ ಬಗೆಯನ್ನು ಹೇಳಿಕೊಟ್ಟರು. ಆ ಹುಡುಗನೇ ಮುಂದೆ ಜಗತ್ಪ್ರಸಿದ್ಧ ನಿರ್ಮಾಪಕರಾದ ಕ್ವಿನ್ಸಿ ಜೋನ್ಸ್.

1949ರಲ್ಲಿ ಮೊದಲ ಧ್ವನಿಮುದ್ರಿಕೆ ಬಂತು. ಬಾಕ್ಸಿಂಗ್ ಪಟು ಶುಗರ್ ರೇ ರಾಬಿನ್‌ಸನ್ ಹೆಸರಿನೊಂದಿಗೆ ಗೊಂದಲ ಬೇಡವೆಂದು ರಾಬಿನ್‌ಸನ್ ಎಂಬುದನ್ನು ಬಿಟ್ಟದ್ದು ಈ ಹೊತ್ತಿನಲ್ಲೇ. ಆ ಕಾಲದ ಹಾಡುಗಳನ್ನು ಇಂದು ಕೇಳಿದರೆ ರೇ ಚಾರ್ಲ್ಸ್ ಎಲ್ಲೂ ಸಿಗುವುದಿಲ್ಲ. ಕೇಳಿಸುವುದು ಆಗ ಹೆಸರಾಗಿದ್ದ ಗಾಯಕರಾದ ನ್ಯಾಟ್ ಕಿಂಗ್ ಕೋಲ್ ಮತ್ತು ಚಾರ್ಲ್ಸ್ ಬ್ರೌನ್. ಅವರಿಬ್ಬರ ಮೆದುವಾದ, ಇಸ್ತ್ರಿ ಹಾಕಿದಂಥ ಕಂಠವನ್ನು ಚಾಚೂ ತಪ್ಪದೆ ಅನುಕರಿಸುವುದರಲ್ಲಿ ಅವರಿಗೆ ಹೆಮ್ಮೆಯೂ ಇತ್ತು, ಕೂಲಿಯೂ ಸಿಗುತ್ತಿತ್ತು. ಅನುಕರಣೆ ಚೆನ್ನಾಗಿದ್ದಷ್ಟೂ ಸ್ವಂತ ಹೆಸರು ಯಾರಿಗೂ ನೆನಪಿರುವುದಿಲ್ಲ ಎಂಬುದು ಅರಿವಿಗೆ ಬರಲು ಕೆಲವು ವರ್ಷ ಬೇಕಾಯಿತು. 1952ರಲ್ಲಿ ನ್ಯೂಯಾರ್ಕಿನ ಅಟ್ಲಾಂಟಿಕ್ ರೆಕಾರ್ಡ್ಸ್ ಸಂಸ್ಥೆ ಅವರ ಕರಾರನ್ನು 2,500 ಡಾಲರ್ ಕೊಟ್ಟು ಕೊಂಡಿತು. ತುರ್ಕಿ ರಾಯಭಾರಿಯ ಮಗ ಅಹ್ಮೆತ್ ಎರ್ತೆಗುನ್ ಅದರ ಸಂಸ್ಥಾಪಕರಲ್ಲಿ ಒಬ್ಬರು. ಮರುವರ್ಷ ಅವರ ಜೊತೆಗೂಡಿದವರು ಜೆರ್ರಿ ವೆಕ್ಸ್ಲರ್. ಪತ್ರಕರ್ತರಾಗಿದ್ದಾಗ, ಕಪ್ಪು ಜನರ ಸಂಗೀತದ ಮಾರಾಟಪಟ್ಟಿಗೆ ಇದ್ದ ಜನಾಂಗಸೂಚಕ ಹೆಸರನ್ನು ತೆಗೆದು ರಿದಮ್ ಅಂಡ್ ಬ್ಲೂಸ್ ಎಂಬ ಹೆಸರನ್ನು ಚಾಲ್ತಿಗೆ ತಂದವರು ಅವರೇ. ಈ ಇಬ್ಬರ ಜಾಣತನವೆಂದರೆ, ತಮಗೆ ಸಿಕ್ಕ ಗಾಯಕನಿಗೆ ಏನು ಮಾಡಬೇಕೆಂದು ಬಹಳ ಹೇಳದಿದ್ದದ್ದು.

ಗೋಡೆ ಒಡೆದದ್ದು 1954ರಲ್ಲಿ. ಅದಕ್ಕೆ ಸ್ವಲ್ಪ ಮುಂಚೆ ನ್ಯೂ ಆರ್ಲಿಯನ್ಸ್‌ನಲ್ಲಿ ಗಿಟಾರ್ ಸ್ಲಿಮ್ ಎಂಬ ಗಾಯಕನ ಹಾಡೊಂದಕ್ಕೆ ರೇ ಚಾರ್ಲ್ಸ್ ಸಂಯೋಜನೆ ಮಾಡಿ ಪಿಯಾನೋ ನುಡಿಸಿದ್ದರು. ಮೇಲುಮೇಲಿನ ನಾಜೂಕಿಲ್ಲದೆ ಚರ್ಚಿನಲ್ಲಿ ಕೂಗಿದಂತೆ ಹಾಡುವ ಆ ಮನುಷ್ಯನ ಪಕ್ಕದಲ್ಲಿ ಕೂತದ್ದು ಸುಮ್ಮನೆ ಹೋಗಲಿಲ್ಲ. ಆಮೇಲೆ ಊರೂರು ಸುತ್ತುತ್ತಿದ್ದಾಗ, ಒಂದು ರಾತ್ರಿ ಕಾರಿನ ರೇಡಿಯೋದಲ್ಲಿ ಸದರ್ನ್ ಟೋನ್ಸ್ ಎಂಬ ಗಾಸ್ಪೆಲ್ ತಂಡ ಏಸುವನ್ನು ಕುರಿತು ಹಾಡುತ್ತಿದ್ದ ಗೀತೆ ಕೇಳಿಬಂತು. ರೇ ಚಾರ್ಲ್ಸ್ ಮತ್ತು ತಂಡದ ಟ್ರಂಪೆಟ್ ವಾದಕ ರೆನಾಲ್ಡ್ ರಿಚರ್ಡ್ ಜೊತೆಜೊತೆಯಾಗಿ ಗುನುಗುತ್ತ, ದೇವರಿದ್ದ ಜಾಗದಲ್ಲಿ ಒಬ್ಬ ಹೆಂಗಸನ್ನು ತಂದು ಕೂರಿಸಿದರು. ರಿಚರ್ಡ್ ಮರುದಿನದ ಹೊತ್ತಿಗೆ ಸಾಹಿತ್ಯ ಬರೆದುಕೊಟ್ಟರು. ನವೆಂಬರ್ 18ರಂದು ಅಟ್ಲಾಂಟಾದ ರೇಡಿಯೋ ಕೇಂದ್ರವೊಂದರ ಸ್ಟುಡಿಯೋದಲ್ಲಿ ಮುದ್ರಣವಾದ ‘ಐ ಗಾಟ್ ಎ ವುಮನ್’ 1955ರ ಆರಂಭದಲ್ಲಿ ರಿದಮ್ ಅಂಡ್ ಬ್ಲೂಸ್ ಪಟ್ಟಿಯ ನೆತ್ತಿಗೇರಿತು.

ಆ ಹಾಡಿನೊಳಗೆ ನಿಜವಾಗಿ ಏನು ಬದಲಾಯಿತೆಂಬುದನ್ನು ಬಿಡಿಸಿ ನೋಡಬೇಕು. ಬ್ಲೂಸ್‌ನ ಹನ್ನೆರಡು ಆವರ್ತದ ಕಟ್ಟು ಅಲ್ಲಿಲ್ಲ; ಚರ್ಚಿನ ಹಾಡಿನಂತೆ ಹದಿನಾರು ಆವರ್ತಗಳ ನಡೆಯಿದೆ. ಪಿಯಾನೋ ಬ್ಲೂಸ್‌ನ ಹಾಗೆ ಅಲೆದಾಡದೆ, ಭಜನೆಯ ತಾಳದಂತೆ ಒತ್ತಿ ಒತ್ತಿ ಮುನ್ನೂಕುತ್ತದೆ. ಗಾಯಕ ಪದದ ಕೊನೆಯ ಅಕ್ಷರವನ್ನು ಹಿಡಿದು ಹಲವು ಸ್ವರಗಳ ಮೇಲೆ ಎಳೆದಾಡುತ್ತಾನೆ, ತಟ್ಟನೆ ಕಳ್ಳದನಿಗೆ ಜಿಗಿಯುತ್ತಾನೆ, ದನಿಯನ್ನು ಬೇಕೆಂದೇ ಒಡೆಯುತ್ತಾನೆ. ಇವೆಲ್ಲ ಪ್ರಾರ್ಥನೆಯಲ್ಲಿ ಕರಗಿದವನ ಲಕ್ಷಣಗಳು. ಸಾಹಿತ್ಯ ಮಾತ್ರ ಊರಿನ ಆಚೆ ಬದಿಯಲ್ಲಿರುವ, ತನಗೆ ದುಡ್ಡು ಕೊಟ್ಟು ಕಾಪಾಡುವ ಗೆಳತಿಯದು. ನ್ಯಾಟ್ ಕಿಂಗ್ ಕೋಲ್‌ನ ಮುಖವಾಡ ಕಳಚಿದ ಕೂಡಲೇ ಹೊರಗೆ ಬಂದದ್ದು ಗ್ರೀನ್‌ವಿಲ್‌ನ ಭಾನುವಾರದ ದನಿ. ಮುಂದಿನ ಎರಡು ವರ್ಷಗಳಲ್ಲಿ ಇದೇ ರೀತಿಯಲ್ಲಿ ಇನ್ನಷ್ಟು ಹಾಡುಗಳು ಬಂದವು.

ವಿರೋಧ ಬಂದದ್ದು ಪಾದ್ರಿಗಳಿಂದ ಮಾತ್ರವಲ್ಲ. ಬ್ಲೂಸ್‌ನ ಹಿರಿಯ ಗಾಯಕ ಬಿಗ್ ಬಿಲ್ ಬ್ರೂಂಜಿ ಕೂಡ, ಬ್ಲೂಸನ್ನೂ ಭಕ್ತಿಗೀತೆಯನ್ನೂ ಬೆರೆಸುವುದು ತಪ್ಪು, ಇವನ ಕಂಠ ಚರ್ಚಿನದು, ಅಲ್ಲೇ ಹಾಡಲಿ ಎಂದು ಆಕ್ಷೇಪಿಸಿದರು. ಈ ಆಕ್ಷೇಪ ನನಗೆ ಪಾದ್ರಿಗಳ ಕೋಪಕ್ಕಿಂತ ಮುಖ್ಯವಾಗಿ ಕಾಣುತ್ತದೆ, ಏಕೆಂದರೆ ಗೋಡೆಯನ್ನು ಎರಡೂ ಕಡೆಯವರು ಕಾಯುತ್ತಿದ್ದರೆಂಬುದಕ್ಕೆ ಅದು ಸಾಕ್ಷಿ. ಆದರೆ ಕೇಳುಗರು ಕಾಯಲಿಲ್ಲ. ಶನಿವಾರವೂ ಭಾನುವಾರವೂ ಒಂದೇ ಮೈಯಲ್ಲಿ ಬದುಕುತ್ತಿದ್ದ ಅವರಿಗೆ ಈ ಬೆರಕೆ ಹೊಸದೆನಿಸಿದ್ದಕ್ಕಿಂತ ತೀರ ಪರಿಚಿತವೆನಿಸಿರಬೇಕು.

ಈ ವಿಧಾನ ತುದಿ ಮುಟ್ಟಿದ್ದು 1958ರ ಡಿಸೆಂಬರಿನ ಒಂದು ರಾತ್ರಿ, ಪೆನ್ಸಿಲ್ವೇನಿಯಾದ ಬ್ರೌನ್ಸ್‌ವಿಲ್‌ನಲ್ಲಿ. ಕುಣಿತದ ಕೂಟದಲ್ಲಿ ಗೊತ್ತಿದ್ದ ಹಾಡುಗಳೆಲ್ಲ ಮುಗಿದಿದ್ದವು, ಕರಾರಿನ ಹೊತ್ತು ಇನ್ನೂ ಸ್ವಲ್ಪ ಉಳಿದಿತ್ತು. ರೇ ಚಾರ್ಲ್ಸ್ ಎಲೆಕ್ಟ್ರಿಕ್ ಪಿಯಾನೋದ ಮೇಲೆ ಎಡಗೈಯಿಂದ ಒಂದು ಸುತ್ತನ್ನು ಹಿಡಿದು, ನನ್ನ ಹಿಂದೆ ಬನ್ನಿ ಎಂದು ವಾದ್ಯದವರಿಗೂ, ನಾನು ಹೇಳಿದ್ದನ್ನೇ ಹೇಳಿ ಎಂದು ರೇಲೆಟ್ಸ್ ಎಂಬ ತಮ್ಮ ಮಹಿಳಾ ಮೇಳಕ್ಕೂ ತಿಳಿಸಿದರು. ವುರ್ಲಿಟ್ಸರ್ ಕಂಪನಿಯ ಆ ಸಣ್ಣ ಪಿಯಾನೋವನ್ನು ಅವರು ಜೊತೆಯಲ್ಲೇ ಒಯ್ಯುತ್ತಿದ್ದದ್ದಕ್ಕೆ ಕಾರಣ ಶೋಕಿಯಲ್ಲ. ಊರೂರಿನ ಸಭಾಂಗಣಗಳ ಪಿಯಾನೋಗಳ ಶ್ರುತಿಯನ್ನು ನಂಬುವಂತಿರಲಿಲ್ಲ. ಬಿಡಿಬಿಡಿ ನುಡಿಗಳು, ಲ್ಯಾಟಿನ್ ಛಾಯೆಯ ಲಯ, ನಡುವೆ ಇದ್ದಕ್ಕಿದ್ದಂತೆ ನಿಂತುಹೋದ ವಾದ್ಯಗಳು, ಮತ್ತೆ ಶುರು ಮಾಡಿ ಎಂದು ಬೇಡುವ ದನಿಗಳು, ಕೊನೆಗೆ ಗಾಯಕನ ನರಳಿಕೆಗೆ ಹೆಂಗಸರ ನರಳಿಕೆಯ ಉತ್ತರ. ಕಟ್ಟು ಬ್ಲೂಸಿನದೇ, ಹನ್ನೆರಡು ಆವರ್ತದ್ದು. ಆದರೆ ಕರೆ ಮತ್ತು ಉತ್ತರ ಪೂರ್ತಿ ಚರ್ಚಿನದು. ಕೇಳುತ್ತಿದ್ದವರು ಆ ರಾತ್ರಿಯೇ, ಈ ರೆಕಾರ್ಡ್ ಎಲ್ಲಿ ಸಿಗುತ್ತದೆಂದು ವಿಚಾರಿಸಿದರು. 1959ರ ಫೆಬ್ರವರಿ 18ರಂದು ‘ವಾಟ್ ಡ್ ಐ ಸೇ’ ಮುದ್ರಣವಾದಾಗ ಅದು ಆರು ನಿಮಿಷ ದಾಟಿತ್ತು. ಎಂಜಿನಿಯರ್ ಟಾಮ್ ಡೌಡ್ ಅದನ್ನು ಕತ್ತರಿಸಿ, ಒಂದೇ ತಟ್ಟೆಯ ಎರಡು ಬದಿಗಳಿಗೆ ಹಂಚಿದರು. ಅಶ್ಲೀಲವೆಂದು ಕೆಲವು ರೇಡಿಯೋ ಕೇಂದ್ರಗಳು ದೂರವಿಟ್ಟರೂ, ಬಿಳಿಯರೂ ಕೊಳ್ಳುತ್ತಿದ್ದ ಸಾಮಾನ್ಯ ಪಟ್ಟಿಯಲ್ಲಿ ಅದು 6ನೆಯ ಸ್ಥಾನ ತಲುಪಿತು. ಆ ನರಳಿಕೆಯಲ್ಲಿ ಅಶ್ಲೀಲವೆಂದು ಕೇಳಿಸಿದ್ದೆಲ್ಲ ಚರ್ಚಿನಲ್ಲಿ ಪ್ರತಿ ವಾರ ಕೇಳಿಸುತ್ತಿದ್ದದ್ದೇ ಎಂಬುದು ಇದರ ವಿನೋದ.

ಇಲ್ಲಿ ಅವರ ಕುರುಡಿನ ಬಗ್ಗೆ ಮತ್ತೆ ಒಂದು ಮಾತು ಹೇಳಬೇಕು. ಅಮೆರಿಕದ ಕಪ್ಪು ಸಂಗೀತದಲ್ಲಿ ಅಂಧ ಗಾಯಕ ಎಂಬುದು ಅದಾಗಲೇ ಒಂದು ಸಿದ್ಧ ಪಾತ್ರವಾಗಿತ್ತು. ಬ್ಲೈಂಡ್ ಲೆಮನ್ ಜೆಫರ್‌ಸನ್, ಬ್ಲೈಂಡ್ ವಿಲ್ಲಿ ಜಾನ್‌ಸನ್ ಮುಂತಾದ ಹಿರಿಯರ ಹೆಸರಿನ ಮುಂದೆಯೇ ಕುರುಡು ಅಂಟಿಕೊಂಡಿತ್ತು. ಬೀದಿಯ ಮೂಲೆ, ಗಿಟಾರು, ಮುಂದೊಂದು ಕಾಸಿನ ಡಬ್ಬ ಆ ಪಾತ್ರದ ಸಾಮಗ್ರಿ. ರೇ ಚಾರ್ಲ್ಸ್ ಬಾಲ್ಯದಲ್ಲೇ ಮೂರು ವಸ್ತುಗಳನ್ನು ಬೇಡವೆಂದು ನಿರ್ಧರಿಸಿದ್ದರು: ನಾಯಿ, ಕೋಲು, ಗಿಟಾರು. ಮೂರೂ ಅವರ ಪಾಲಿಗೆ ಅಸಹಾಯಕತೆಯ ಗುರುತುಗಳು. ಹಾಡಿನ ವ್ಯಾಪಾರಕ್ಕೆ ಮಾತ್ರ ಆ ಗುರುತಿನ ಆಸೆ ಬಿಡಲಿಲ್ಲ. ಡೆಟ್ರಾಯಿಟ್‌ನ ಮೋಟೌನ್ ಸಂಸ್ಥೆಯ ಕೈಗೆ ಸ್ಟೀವಿ ವಂಡರ್ ಎಂಬ ಇನ್ನೊಬ್ಬ ಅಂಧ ಬಾಲಕ ಸಿಕ್ಕಾಗ, 1962ರಲ್ಲಿ ಅವನಿಂದ ‘ಅಂಕಲ್ ರೇ’ಗೆ ಕಾಣಿಕೆಯೆಂಬ ಹೆಸರಿನಲ್ಲಿ ಒಂದು ಇಡೀ ಆಲ್ಬಮ್ ಹಾಡಿಸಿತು. ಸ್ಟೀವಿ ಆ ನೆರಳಿನಿಂದ ಹೊರಬಂದು ತನ್ನದೇ ದಾರಿ ಕಂಡುಕೊಂಡದ್ದು ಬೇರೆಯೇ ಕಥೆ.

1959ರ ಕೊನೆಗೆ ರೇ ಚಾರ್ಲ್ಸ್ ಅಟ್ಲಾಂಟಿಕ್ ಬಿಟ್ಟು ಎಬಿಸಿ ಪ್ಯಾರಮೌಂಟ್ ಎಂಬ ರೆಕಾರ್ಡ್ ಸಂಸ್ಥೆ ಸೇರಿದರು. ವರ್ಷಕ್ಕೆ 50,000 ಡಾಲರ್ ಮುಂಗಡ ದೊಡ್ಡ ಮೊತ್ತವೇ ಹೌದು. ಅದಕ್ಕಿಂತ ದೊಡ್ಡದು ಕರಾರಿನ ಇನ್ನೊಂದು ಕಲಮು: ಮಾಸ್ಟರ್ ಎಂದು ಕರೆಯುವ ಮೂಲ ಮುದ್ರಣದ ಟೇಪುಗಳ ಒಡೆತನ ಕೊನೆಗೆ ಗಾಯಕನಿಗೇ ಸೇರತಕ್ಕದ್ದು. ಹಾಡನ್ನು ಯಾರು ಎಷ್ಟು ಬಾರಿ ಮಾರಿದರೂ ಅದರ ಬೇರು ಮಾಸ್ಟರ್‌ನಲ್ಲಿರುತ್ತದೆ. ಅದು ಯಾರ ಕೈಯಲ್ಲಿದೆಯೋ ಹಣ ಅವರದು. ಕಪ್ಪು ಗಾಯಕರಿಗಿರಲಿ, ಬಿಳಿಯ ತಾರೆಗಳಿಗೂ ಅಪರೂಪವಾಗಿದ್ದ ಷರತ್ತು ಅದು. ತಾಯಿ ಕೊಡಲಿ ಕೊಟ್ಟು ಬೆಳೆಸಿದ ಮಗ ಈ ಕರಾರಿನಲ್ಲಿ ಕಾಣುತ್ತಾನೆ.

ಹೊಸ ಸಂಸ್ಥೆಯಲ್ಲಿ ಅವರಿಗೆ ಸಾಮಾನ್ಯ ಪಟ್ಟಿಯ ಮೊದಲ ಸ್ಥಾನ ತಂದುಕೊಟ್ಟದ್ದು 1960ರ ‘ಜಾರ್ಜಿಯಾ ಆನ್ ಮೈ ಮೈಂಡ್’, 1930ರಲ್ಲಿ ಬಿಳಿಯರಿಬ್ಬರು ಬರೆದ ಹಳೆಯ ಹಾಡು. ಮರುವರ್ಷ ಅದೇ ಜಾರ್ಜಿಯಾದಲ್ಲಿ ಒಂದು ಘಟನೆ ನಡೆಯಿತು. 1961ರ ಮಾರ್ಚ್ 15ರಂದು ಆಗಸ್ಟಾ ನಗರದ ಬೆಲ್ ಸಭಾಂಗಣದಲ್ಲಿ ಅವರ ಕಾರ್ಯಕ್ರಮವಿತ್ತು. ಕುಣಿಯುವ ಅಂಗಳ ಬಿಳಿಯರಿಗೆ, ಕಪ್ಪು ಜನರು ಮೇಲಿನ ಉಪ್ಪರಿಗೆಯಿಂದ ನೋಡಬೇಕು ಎಂಬ ಏರ್ಪಾಟು ಎಂದು ಅಲ್ಲಿನ ಪೇನ್ ಕಾಲೇಜಿನ ವಿದ್ಯಾರ್ಥಿಗಳು ತಿಳಿಸಿದಾಗ, ಅವರು ಹಾಡದೆಯೇ ಊರು ಬಿಟ್ಟರು. ಕರಾರು ಮುರಿದದ್ದಕ್ಕಾಗಿ 1962ರಲ್ಲಿ 757 ಡಾಲರ್ ದಂಡ ಬಿತ್ತು. ಜಾರ್ಜಿಯಾ ರಾಜ್ಯ ಅವರಿಗೆ ಆಜೀವ ನಿಷೇಧ ಹೇರಿತೆಂದು ಅವರ ಜೀವನದ ಸಿನಿಮಾ ತೋರಿಸುತ್ತದೆ. ಅಂಥ ನಿಷೇಧವೇನೂ ಇರಲಿಲ್ಲ, 1963ರಲ್ಲಿ ಅದೇ ಸಭಾಂಗಣದಲ್ಲಿ ಎಲ್ಲರೂ ಒಟ್ಟಿಗೆ ಕೂತ ಸಭೆಗೆ ಅವರು ಹಾಡಿದರು. ನಿಜ ಸಂಗತಿಯೇ ಸಾಕಷ್ಟು ಗಟ್ಟಿಯಾಗಿರುವಾಗ ಸಿನಿಮಾದವರಿಗೆ ಈ ಒಗ್ಗರಣೆ ಏಕೆ ಬೇಕಾಯಿತೋ. 1979ರಲ್ಲಿ ಜಾರ್ಜಿಯಾ ಶಾಸನಸಭೆಯ ಮುಂದೆ ಅವರು ಆ ಹಾಡನ್ನು ಹಾಡಿದರು, ಏಪ್ರಿಲ್‌ನಲ್ಲಿ ಅದು ನಾಡಗೀತೆಯಾಯಿತು.

ಇನ್ನು ಶನಿವಾರ ರಾತ್ರಿಯ ರೇಡಿಯೋ. 1962ರಲ್ಲಿ ರೇ ಚಾರ್ಲ್ಸ್ ಕಂಟ್ರಿ ಹಾಡುಗಳ ಒಂದು ಇಡೀ ಆಲ್ಬಮ್ ಮಾಡುತ್ತೇನೆಂದಾಗ, ಇದ್ದ ಕೇಳುಗರೂ ಕೈಬಿಟ್ಟುಹೋದಾರು ಎಂದು ಸಂಸ್ಥೆಯವರು ಅಂಜಿದರು. ಕಂಟ್ರಿ ಎಂದರೆ ದಕ್ಷಿಣದ ಬಿಳಿಯ ರೈತರ, ಲಾರಿ ಚಾಲಕರ ಸಂಗೀತ; ಒಬ್ಬ ಕಪ್ಪು ಗಾಯಕ ಅದನ್ನು ಹಾಡಿದರೆ ಎರಡೂ ಕಡೆ ಸಲ್ಲದವನಾಗುತ್ತಾನೆಂಬ ಲೆಕ್ಕ. ಅವರು ಮತ್ತೆ ತಮ್ಮ ಹಳೆಯ ಕಸುಬನ್ನೇ ಮಾಡಿದರು: ಹಾಡಿನಿಂದ ಪಿಟೀಲು, ಬ್ಯಾಂಜೋಗಳನ್ನು ಕಳಚಿ, ಮಟ್ಟು ಮತ್ತು ಮಾತು ಎರಡನ್ನೂ ಉಳಿಸಿಕೊಂಡು, ಸುತ್ತಲೂ ದೊಡ್ಡ ತಂತಿವಾದ್ಯವೃಂದವನ್ನೋ ಜಾಜ್ ಮೇಳವನ್ನೋ ಕಟ್ಟಿದರು. ಡಾನ್ ಗಿಬ್ಸನ್ ಬರೆದ ‘ಐ ಕಾಂಟ್ ಸ್ಟಾಪ್ ಲವಿಂಗ್ ಯೂ’ ಹಾಡಿನಲ್ಲಿ ಒಂದು ಸೂಕ್ಷ್ಮವಿದೆ. ಗಾಸ್ಪೆಲ್‌ನಲ್ಲಿ ಮುಂದಾಳು ಮೊದಲು, ಮೇಳ ಆಮೇಲೆ. ಇಲ್ಲಿ ಶುದ್ಧ, ನುಣುಪಾದ ಕಂಠಗಳ ಮೇಳ ಮೊದಲು ಸಾಲು ಹೇಳುತ್ತದೆ. ಅದು ಮುಗಿದ ಮೇಲೆ, ಸ್ವಲ್ಪ ತಡವಾಗಿ, ಒಡೆದ ದನಿಯ ಗಾಯಕ ಹಿಂದಿನಿಂದ ಬಂದು ಅದಕ್ಕೆ ದನಿಗೂಡಿಸುತ್ತಾನೆ. ಅದು ಪ್ರಾರ್ಥನೆಗೆ ತಡವಾಗಿ ಬಂದು ಕೊನೆಯ ಬೆಂಚಿನಲ್ಲಿ ಕೂತವನ ಹಾಗೆ ಕೇಳಿಸುತ್ತದೆ, ಮತ್ತು ಹಾಡಿನ ನೋವೆಲ್ಲ ಆ ತಡದಲ್ಲೇ ಇದೆ. ಹಾಡು 5 ವಾರ, ಆಲ್ಬಮ್ 14 ವಾರ ಅಮೆರಿಕದ ಪಟ್ಟಿಗಳ ಮೊದಲ ಸ್ಥಾನದಲ್ಲಿದ್ದವು.

ಇಷ್ಟರ ಜೊತೆಗೆ ಹದಿಹರೆಯದಲ್ಲಿ ಹತ್ತಿದ ಹೆರಾಯಿನ್ ಚಟವೂ ನಡೆದೇ ಇತ್ತು. 1964ರ ಅಕ್ಟೋಬರ್ ಕೊನೆಯಲ್ಲಿ ಬಾಸ್ಟನ್ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದದ್ದು ಮೂರನೆಯ ಬಂಧನ. ಜೈಲು ಖಚಿತವೆನಿಸಿದಾಗ 1965ರಲ್ಲಿ ಕ್ಯಾಲಿಫೋರ್ನಿಯಾದ ಆಸ್ಪತ್ರೆಯೊಂದಕ್ಕೆ ಸೇರಿ, ಬದಲಿ ಔಷಧದ ಆಸರೆಯಿಲ್ಲದೆ ಚಟ ಬಿಟ್ಟರು; ನ್ಯಾಯಾಲಯ ಕೆಲವು ವರ್ಷಗಳ ನಿಗಾ ಮತ್ತು ದಂಡಕ್ಕೆ ತೃಪ್ತವಾಯಿತು. ಅಲ್ಲಿ ನಿದ್ದೆ ಬಾರದ ರಾತ್ರಿಗಳಲ್ಲಿ ಕಲಿತ ಚದುರಂಗ ಮಾತ್ರ ಕೊನೆಯವರೆಗೂ ಜೊತೆಯಲ್ಲಿತ್ತು. ಸಂಸಾರದ ವಿಷಯದಲ್ಲಿ ಅವರನ್ನು ಹೊಗಳುವಂತಿಲ್ಲ: ಎರಡು ಮದುವೆ, ಎರಡೂ ವಿಚ್ಛೇದನ, ಹತ್ತು ಹೆಂಗಸರಲ್ಲಿ ಹನ್ನೆರಡು ಮಕ್ಕಳು. ಆಗಸ್ಟಾದಲ್ಲಿ ಹಾಡಲು ಒಪ್ಪದವರೇ 1981ರಲ್ಲಿ ವರ್ಣಭೇದದ ದಕ್ಷಿಣ ಆಫ್ರಿಕಾಕ್ಕೆ ಹೋಗಿ ಹಾಡಿ, ಕಟು ಟೀಕೆಗೆ ಗುರಿಯಾದರು. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಆಸೆ ನನಗಿಲ್ಲ, ಎರಡೂ ನಡೆದದ್ದೇ.

1960ರ ದಶಕದ ನಂತರ ಅವರಿಂದ ಹೊಸ ದಾರಿಯೇನೂ ತೆರೆಯಲಿಲ್ಲವೆಂಬುದನ್ನು ಅಭಿಮಾನಿಗಳೂ ಒಪ್ಪಬೇಕು. ಆ ದಾರಿಯಲ್ಲಿ ಅಷ್ಟು ಹೊತ್ತಿಗೆ ಅರೀತಾ ಫ್ರ್ಯಾಂಕ್ಲಿನ್, ಓಟಿಸ್ ರೆಡಿಂಗ್ ಮುಂತಾದವರು ಬಹಳ ಮುಂದೆ ನಡೆದಿದ್ದರು. 1986ರಲ್ಲಿ ರೇ ಚಾರ್ಲ್ಸ್ ಒಂದು ದತ್ತಿ ಸಂಸ್ಥೆ ಸ್ಥಾಪಿಸಿದಾಗ, ಅದರ ಉದ್ದೇಶ ಅಂಧರ ನೆರವಲ್ಲ, ಕಿವಿಯ ತೊಂದರೆ ಇರುವವರ ನೆರವು ಎಂಬುದು ಹಲವರಿಗೆ ವಿಚಿತ್ರವೆನಿಸಿತು. ಕಣ್ಣಿಲ್ಲದಿರುವುದು ಅವರಿಗೆ ಬದುಕಿನ ಅಡಚಣೆಗಳಲ್ಲಿ ಒಂದು ಮಾತ್ರ. ಕಿವಿ ಹೋಗುವುದು ನಿಜವಾದ ಭಯ. 2004ರ ಜೂನ್ 10ರಂದು, 73ನೆಯ ವಯಸ್ಸಿನಲ್ಲಿ, ಯಕೃತ್ತಿನ ಕಾಯಿಲೆಯಿಂದ ಅವರು ತೀರಿಕೊಂಡರು. ಎರಡು ತಿಂಗಳ ನಂತರ ಬಂದ, ಇತರ ಗಾಯಕರೊಂದಿಗಿನ ಜೋಡಿ ಹಾಡುಗಳ ಕೊನೆಯ ಆಲ್ಬಮ್‌ಗೆ 8 ಗ್ರ್ಯಾಮಿ ಪ್ರಶಸ್ತಿಗಳು ಸಂದವು. ಅದರಲ್ಲಿ ವರ್ಷದ ಧ್ವನಿಮುದ್ರಿಕೆಯೆಂದು ಗೌರವ ಪಡೆದ ಹಾಡಿನಲ್ಲಿ ಅವರಿಗೆ ಜೊತೆಯಾದವರು ಪಂಡಿತ ರವಿಶಂಕರರ ಮಗಳು ನೋರಾ ಜೋನ್ಸ್.

ಅವರು ಕೊನೆಯ ಬಾರಿ ಜನರ ಮುಂದೆ ಕಾಣಿಸಿಕೊಂಡದ್ದು ಅದೇ ವರ್ಷದ ಏಪ್ರಿಲ್ 30ರಂದು, ಲಾಸ್ ಏಂಜಲಿಸ್‌ನ ವೆಸ್ಟ್ ವಾಷಿಂಗ್ಟನ್ ಬೂಲ್‌ವಾರ್ಡ್‌ನಲ್ಲಿದ್ದ ತಮ್ಮ ಸ್ಟುಡಿಯೋದ ಮುಂದೆ. ಆ ನಗರ ಅದನ್ನು ಐತಿಹಾಸಿಕ ಕಟ್ಟಡವೆಂದು ಘೋಷಿಸಿದ ದಿನ ಅದು. 1960ರ ದಶಕದಲ್ಲಿ ಸ್ವಂತಕ್ಕೆ ಕಟ್ಟಿಸಿದ ಆ ಮನೆಯ ಮೂಲೆಮೂಲೆಯೂ ಅವರಿಗೆ ಅಂಗೈಯ ಗೆರೆಯಂತೆ ಗೊತ್ತಿತ್ತು. ಕೋಲಿಲ್ಲದೆ ಒಳಗೆ ನಡೆದು, ಧ್ವನಿ ಬೆರೆಸುವ ಮೇಜಿನ ಮುಂದೆ ತಾವೇ ಕೂತು, ಸಾಲುಸಾಲಾಗಿದ್ದ ಗುಬುಟುಗಳನ್ನು ಬೆರಳಿನಿಂದ ತಡವಿ ಹುಡುಕಿ, ಒಂದು ವಾದ್ಯವನ್ನು ಇಷ್ಟೇ ಇಷ್ಟು ತಗ್ಗಿಸಿ, ಇನ್ನೊಂದನ್ನು ಏರಿಸಿ, ಟೇಪನ್ನು ಹಿಂದಕ್ಕೆ ಸುತ್ತಿ ಮತ್ತೆ ಕೇಳುತ್ತಿದ್ದರು.